ಕ್ಯಾಸೆಟ್ಟಿನಿಂದ ಎಮ್ಯುಲೇಟರಿಗೆ: ವಿಡಿಯೋ ಗೇಮ್ ವ್ಯಾಪಾರ ಕಂಡ ಮಾರ್ಪಾಡು

ಕರ್ನಾಟಕದ ಪಟ್ಟಣಗಳಲ್ಲಿ ವಿಡಿಯೋ ಗೇಮ್ ಒಂದು ಸ್ವತಂತ್ರ ವ್ಯಾಪಾರವಾಗಿ ಬಾಳಿದ ಕಾಲ ದೀರ್ಘವಾದುದಲ್ಲ. ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳ ಅಂಗಡಿಯಾಗಿ ಮೊಳೆತು, 1990ರ ದಶಕದಲ್ಲಿ ಟಿವಿಗೆ ಜೋಡಿಸುವ ಯಂತ್ರ ಹಾಗೂ ಕ್ಯಾಸೆಟ್ಟುಗಳ ಮಾರಾಟ, ಬಾಡಿಗೆ ಮತ್ತು ರಿಪೇರಿಯಾಗಿ ಹರಡಿ, 2000ದ ದಶಕದಲ್ಲಿ ಕಂಪ್ಯೂಟರಿನೊಳಗೆ ಕರಗಿಹೋದ ಈ ವ್ಯಾಪಾರವನ್ನು ಕಣ್ಣಾರೆ ಕಂಡ ತಲೆಮಾರು ಈಗ ನಡುವಯಸ್ಸನ್ನು ಮುಟ್ಟಿದೆ. ಆ ಯಂತ್ರಗಳಲ್ಲಿ ಬಹುಪಾಲು ಗುಜರಿಗೆ ಸೇರಿದ್ದರೂ ಅವುಗಳ ಆಟಗಳು ಎಮ್ಯುಲೇಟರ್ ಎಂಬ ತಂತ್ರಾಂಶದ ಮೂಲಕ, ಅಂದರೆ ಒಂದು ಯಂತ್ರದ ನಡವಳಿಕೆಯನ್ನು ಇನ್ನೊಂದು ಯಂತ್ರದಲ್ಲಿ ಹಾಗೆಯೇ ನಡೆಸಿ ತೋರಿಸುವ ಪ್ರೋಗ್ರಾಮಿನ ಮೂಲಕ, ಇಂದಿಗೂ ಉಳಿದುಕೊಂಡಿವೆ. ಆದರೆ ಆಟ ಉಳಿಯಿತೆಂದ ಮಾತ್ರಕ್ಕೆ ಅದನ್ನು ಆಡಿದ ಬಗೆಯೂ ಉಳಿಯಿತೆಂದು ತಿಳಿಯುವಂತಿಲ್ಲ. ಕೈಯಲ್ಲಿದ್ದ ಜಾಯ್‌ಸ್ಟಿಕ್ಕು, ಕಣ್ಣೆದುರಿನ ಪಿಕ್ಚರ್ ಟ್ಯೂಬು, ಕ್ಯಾಸೆಟ್ಟಿನ ಒಳಗಿನ ಬೋರ್ಡು ಇವೆಲ್ಲವೂ ಆಟದ ಅಂಗಗಳೇ ಆಗಿದ್ದವು, ಆದುದರಿಂದ ಅವುಗಳ ರಕ್ಷಣೆಯೂ ತಂತ್ರಾಂಶದ ರಕ್ಷಣೆಯಷ್ಟೇ ಅಗತ್ಯವಾಗಿದೆ.

ಮನೆಯ ಟಿವಿಗೆ ಬಂದ ಈ ಯಂತ್ರಗಳ ಮೂಲ ಜಪಾನಿನಲ್ಲಿದೆ. ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯಲ್ಲಿ ಮಸಯುಕಿ ಉಎಮುರಾ ಅವರ ಮುಂದಾಳತ್ವದಲ್ಲಿ ರೂಪುಗೊಂಡು 1983ರ ಜುಲೈ 15ರಂದು ಮಾರುಕಟ್ಟೆಗೆ ಬಂದ ‘ಫ್ಯಾಮಿಲಿ ಕಂಪ್ಯೂಟರ್’ ಅಥವಾ ‘ಫ್ಯಾಮಿಕಾಮ್’ ಎಂಬ ಯಂತ್ರವು, 6502 ಎಂಬ ಅಗ್ಗದ ಪ್ರೊಸೆಸರಿನ ಮಾದರಿಯನ್ನು ಅನುಸರಿಸಿದ ಚಿಪ್ಪನ್ನೂ, ಚಿತ್ರ ಬಿಡಿಸುವುದಕ್ಕೆ ಮೀಸಲಾದ ಮತ್ತೊಂದು ಚಿಪ್ಪನ್ನೂ, ಕೇವಲ 2 ಕಿಲೋಬೈಟಿನ ಕೆಲಸದ ಮೆಮೊರಿಯನ್ನೂ ಹೊಂದಿತ್ತು. ಆಟದ ಪ್ರೋಗ್ರಾಮು ಯಂತ್ರದಲ್ಲಿರದೆ ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಇರುತ್ತಿದ್ದುದರಿಂದ ಒಂದೇ ಯಂತ್ರದಲ್ಲಿ ಬೇಕಾದಷ್ಟು ಆಟಗಳನ್ನು ಆಡಬಹುದಾಗಿತ್ತು. 1985ರಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಎಲ್ಲ 32 ಹಂತಗಳು, ಅವುಗಳ ಚಿತ್ರ ಮತ್ತು ಸಂಗೀತ ಸಮೇತ, 40 ಕಿಲೋಬೈಟಿನಲ್ಲಿ ಅಡಗಿದ್ದವು. ಇಷ್ಟು ಇಕ್ಕಟ್ಟಿನಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿದ ಆ ಕುಶಲತೆಯನ್ನು ಗಮನಿಸಿದವರಿಗೆ, ಹಳೆಯ ಆಟಗಳ ಮೇಲಿನ ಪ್ರೀತಿ ಬರಿಯ ಬಾಲ್ಯದ ಹಂಬಲವಲ್ಲವೆಂಬುದು ಅರಿವಾಗುತ್ತದೆ.

ಕನ್ನಡನಾಡಿನ ಬಹುಪಾಲು ಮನೆಗಳು ಕಂಡದ್ದು ಈ ಮೂಲ ಯಂತ್ರವನ್ನಲ್ಲ, ಅದರ ನಕಲನ್ನು. ತೈವಾನಿನ ಚಿಪ್ ತಯಾರಕರು ಫ್ಯಾಮಿಕಾಮ್‌ನ ಚಿಪ್ಪುಗಳ ನಕಲನ್ನು ತಯಾರಿಸತೊಡಗಿ, ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್ಪಿನಲ್ಲಿ ಅಡಗಿಸಿದ ಮೇಲೆ, ನಾನಾ ಹೆಸರುಗಳ ಹಗುರವಾದ ಪ್ಲಾಸ್ಟಿಕ್ ಯಂತ್ರಗಳು ಏಷ್ಯಾದ ಪೇಟೆಗಳನ್ನೆಲ್ಲ ತುಂಬಿದವು. ಅವುಗಳನ್ನು ಬಿಚ್ಚಿದರೆ ಬೋರ್ಡಿನ ನಡುವೆ ಕಪ್ಪು ಅಂಟಿನ ಒಂದು ಉಂಡೆಯಷ್ಟೇ ಕಾಣುತ್ತಿತ್ತು, ಏಕೆಂದರೆ ಕವಚವಿಲ್ಲದ ಚಿಪ್ಪನ್ನು ಆ ಅಂಟಿನಡಿಯಲ್ಲಿಯೇ ಕೂರಿಸಿರುತ್ತಿದ್ದರು. ಯಂತ್ರದಿಂದ ಬಂದ ತಂತಿಯನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿ, ಚಿತ್ರ ಮೂಡುವ ತನಕ ಚಾನೆಲ್ ತಿರುಗಿಸುವುದು ಆಟಕ್ಕೆ ಮುಂಚಿನ ವಿಧಿಯಾಗಿತ್ತು. ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮವಿದೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ ಸುಮಾರು 60 ಬಾರಿ ಪರದೆಯನ್ನು ಗೀಚಿದರೆ ಭಾರತದ ಪಾಲ್ ಪದ್ಧತಿಯ ಟಿವಿಗಳು 50 ಬಾರಿ ಗೀಚುತ್ತಿದ್ದವು. ಆ ಕಾಲದ ಆಟಗಳು ಕಾಲವನ್ನು ಪರದೆಯ ಗೀಚುವಿಕೆಯಿಂದಲೇ ಅಳೆಯುತ್ತಿದ್ದುದರಿಂದ, 50ಕ್ಕೆ ಹೊಂದಿಸಿದ ಯಂತ್ರದಲ್ಲಿ ಜಪಾನಿನ ಆಟವೊಂದನ್ನು ಹಾಕಿದಾಗ ಓಟವೂ ಸಂಗೀತದ ಲಯವೂ ಆರರಲ್ಲಿ ಒಂದು ಪಾಲು ನಿಧಾನವಾಗುತ್ತಿದ್ದವು. ಅಂಥ ಯಂತ್ರಗಳಲ್ಲಿ ಆಡಿ ಬೆಳೆದವರು ಇಂದು ಎಮ್ಯುಲೇಟರಿನಲ್ಲಿ ಅದೇ ಆಟವನ್ನು ತೆರೆದಾಗ ಅದು ಅವಸರದಲ್ಲಿರುವಂತೆ ತೋರುವುದಕ್ಕೆ ಇದೇ ಕಾರಣ.

ವ್ಯಾಪಾರದ ಜೀವಾಳ ಯಂತ್ರಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟಿನಲ್ಲಿತ್ತು. ಹಲವು ಆಟಗಳನ್ನು ಒಟ್ಟಿಗೆ ತುಂಬಿದ ಕ್ಯಾಸೆಟ್ಟುಗಳ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತಾದರೂ, ಪಟ್ಟಿಯಲ್ಲಿ ಕೆಳಗಿಳಿದಂತೆ ಅವೇ ಕೆಲವು ಆಟಗಳು ಬೇರೆ ಹಂತದಿಂದ ಅಥವಾ ಹೆಚ್ಚಿನ ಜೀವಗಳೊಂದಿಗೆ ಮರಳಿ ಬರುತ್ತಿದ್ದವು. ಮಾರಿಯೋ, ಇಬ್ಬರು ಜೊತೆಯಾಗಿ ಆಡುವ ‘ಕಾಂಟ್ರಾ’, ಬಂದೂಕು ಹಿಡಿದು ಆಡುವ ‘ಡಕ್ ಹಂಟ್’ ಮೊದಲಾದವು ಮನೆಮಾತಾದದ್ದು ಇಂಥ ಕ್ಯಾಸೆಟ್ಟುಗಳಿಂದಲೇ. ಎಲೆಕ್ಟ್ರಾನಿಕ್ಸ್ ಅಂಗಡಿ, ಆಟಿಕೆ ಅಂಗಡಿ ಮತ್ತು ವಿಡಿಯೋ ಲೈಬ್ರರಿಗಳು ಅವುಗಳನ್ನು ಮಾರಿದವು, ದಿನದ ಬಾಡಿಗೆಗೆ ಕೊಟ್ಟವು, ಹಳೆಯದನ್ನು ತೆಗೆದುಕೊಂಡು ಮೇಲೆ ಸ್ವಲ್ಪ ಹಣ ಪಡೆದು ಬೇರೆಯದನ್ನು ಕೊಟ್ಟವು. ಕ್ಯಾಸೆಟ್ ಓಡದಿದ್ದಾಗ ಅದರ ಬಾಯಿಗೆ ಉಸಿರು ಊದುವ ಪದ್ಧತಿ ಎಲ್ಲೆಲ್ಲೂ ಇತ್ತು. ನಿಜದಲ್ಲಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಕೂರಿಸಿದಾಗ ಲೋಹದ ಪಟ್ಟಿಗಳು ಉಜ್ಜಿಕೊಂಡು ಸಂಪರ್ಕ ಸರಿಯಾಗುತ್ತಿತ್ತೇ ಹೊರತು, ಉಸಿರಿನ ತೇವವು ಕಾಲಾಂತರದಲ್ಲಿ ಆ ಪಟ್ಟಿಗಳಿಗೆ ಕಿಲುಬು ಹಿಡಿಸುವುದಕ್ಕೆ ನೆರವಾಗುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದೇ ಸರಿಯಾದ ಕ್ರಮವೆಂಬುದು ರಿಪೇರಿಯವರಿಗೆ ಗೊತ್ತಿತ್ತು.

ಇದೇ ಕಾಲದಲ್ಲಿ ಬಸ್ ನಿಲ್ದಾಣ, ಸಿನಿಮಾ ಮಂದಿರ ಮತ್ತು ಕಾಲೇಜುಗಳ ಸುತ್ತಮುತ್ತ ವಿಡಿಯೋ ಗೇಮ್ ಪಾರ್ಲರುಗಳು ನಡೆಯುತ್ತಿದ್ದವು. ಅಲ್ಲಿನ ಪೆಟ್ಟಿಗೆಗಳೊಳಗೆ ಒಂದೊಂದು ಆಟಕ್ಕೆಂದೇ ಮಾಡಿದ ಬೋರ್ಡುಗಳು ಇರುತ್ತಿದ್ದು, ಅವುಗಳ ಚಿತ್ರ ಮತ್ತು ಧ್ವನಿಯ ಸೊಗಸು ಮನೆಯ ಯಂತ್ರಕ್ಕೆ ಎಟುಕುವಂತಿರಲಿಲ್ಲ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟವು ಭಾರತದ ಪಾರ್ಲರುಗಳಲ್ಲಿ ಅದರ ಒಬ್ಬ ನಾಯಕನ ಹೆಸರಿನಿಂದ ‘ಮುಸ್ತಫಾ’ ಎಂದೇ ಪ್ರಸಿದ್ಧವಾಯಿತು. ಆಡುವವನ ಹಿಂದೆ ನಿಂತು ನೋಡಿ ಕಲಿಯುವುದು, ಪರಿಚಯವಿಲ್ಲದವರೂ ಒಂದೇ ಪೆಟ್ಟಿಗೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಆಡುವುದು ಆ ಜಾಗಗಳ ರೀತಿಯಾಗಿತ್ತು. ಈ ಸಹವಾಸವನ್ನು ಯಾವ ತಂತ್ರಾಂಶವೂ ಮರಳಿ ಕಟ್ಟಿಕೊಡಲಾರದು.

ಆಟದ ಯಂತ್ರಗಳ ಇತಿಹಾಸವನ್ನು ಪರದೆಯ ಚಿತ್ರಗಳಿಂದ ಅಳೆಯುವುದು ರೂಢಿಯಾದರೂ, ಹಿಡಿಗೆಯ, ಅಂದರೆ ಆಟಗಾರ ಕೈಯಲ್ಲಿ ಹಿಡಿಯುವ ನಿಯಂತ್ರಕದ, ಬೆಳವಣಿಗೆಯಿಂದ ಅಳೆಯುವುದು ಹೆಚ್ಚು ಸಮಂಜಸವಾಗಿದೆ. 1977ರ ಅಟಾರಿ ಯಂತ್ರದ ಜಾಯ್‌ಸ್ಟಿಕ್ಕು ನೆಟ್ಟಗೆ ನಿಂತ ಒಂದು ಕೋಲು ಮತ್ತು ಒಂದೇ ಗುಂಡಿಯನ್ನು ಹೊಂದಿದ್ದು, ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಗಿಸಬೇಕಾಗಿದ್ದುದರಿಂದ ಮಣಿಕಟ್ಟು ಬೇಗನೆ ದಣಿಯುತ್ತಿತ್ತು. ನಿಂಟೆಂಡೊದ ಗುನ್‌ಪೆ ಯೊಕೊಯಿ ಅವರು 1982ರಲ್ಲಿ ‘ಡಾಂಕಿ ಕಾಂಗ್’ ಎಂಬ ಕೈಯಾಟಿಕೆಗಾಗಿ ರೂಪಿಸಿದ, ಹೆಬ್ಬೆರಳೊಂದರಿಂದಲೇ ನಾಲ್ಕು ದಿಕ್ಕುಗಳನ್ನು ಒತ್ತಬಹುದಾದ ಕೂಡುಗುರುತಿನ ಆಕಾರದ ಗುಂಡಿಯು ಆ ದಣಿವನ್ನು ಹೋಗಲಾಡಿಸಿತು. 1990ರ ಸೂಪರ್ ಫ್ಯಾಮಿಕಾಮ್ ನಾಲ್ಕು ಗುಂಡಿಗಳನ್ನು ವಜ್ರಾಕೃತಿಯಲ್ಲಿ ಜೋಡಿಸಿ, ತೋರುಬೆರಳುಗಳಿಗೆಂದು ಹಿಡಿಗೆಯ ಮೇಲಂಚಿನಲ್ಲಿ ಎರಡು ಗುಂಡಿಗಳನ್ನು ಸೇರಿಸಿತು. 1997ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ ಡ್ಯುಯಲ್ ಶಾಕ್ ಎರಡು ಕಿರುಕೋಲುಗಳನ್ನು ಕೂಡಿಸಿದ ಮೇಲೆ ಇಂದಿನ ಹಿಡಿಗೆಯ ರೂಪ ಪೂರ್ಣವಾಯಿತು. ಎಡಬಲದ ಎರಡು ಆಯಾಮಗಳ ಆಟಗಳಿಗೆ ಸೂಪರ್ ಫ್ಯಾಮಿಕಾಮ್‌ನ ಹಿಡಿಗೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲವೆಂಬ ಅಭಿಪ್ರಾಯವು ಹಳೆಯ ಆಟಗಾರರಲ್ಲಿ ಬಲವಾಗಿದೆ ಮತ್ತು ಅದು ಯುಕ್ತವೂ ಆಗಿದೆ. ನಕಲಿ ಯಂತ್ರಗಳ ಹಿಡಿಗೆಗಳು ಒರಟಾಗಿದ್ದರೂ ಅವುಗಳಲ್ಲಿ ಒತ್ತಿ ಹಿಡಿದರೆ ತಾನಾಗಿಯೇ ಮತ್ತೆ ಮತ್ತೆ ಒತ್ತಿದಂತಾಗುವ ಎರಡು ಟರ್ಬೋ ಗುಂಡಿಗಳು ಹೆಚ್ಚಾಗಿದ್ದವು. ಗುಂಡಿಯ ಕೆಳಗಿನ ರಬ್ಬರಿನ ಕರಿ ಲೇಪ ಸವೆದಾಗ, ಟಿವಿ ರಿಮೋಟಿಗೆ ಮಾಡುವಂತೆ, ಅಲ್ಲಿಗೆ ಲೋಹದ ತೆಳು ಹಾಳೆಯ ಚೂರನ್ನು ಅಂಟಿಸಿ ಮತ್ತೆ ಕೆಲಸಕ್ಕೆ ತರುತ್ತಿದ್ದರು.

ಪಿಕ್ಚರ್ ಟ್ಯೂಬಿನ ಪಾತ್ರವೂ ಹಿಡಿಗೆಯಷ್ಟೇ ಹಿರಿದಾಗಿತ್ತು. ಕಲಾವಿದರು ಆ ಟ್ಯೂಬಿನ ಮಸುಕನ್ನು ಲೆಕ್ಕಕ್ಕೆ ತೆಗೆದುಕೊಂಡೇ ಚಿತ್ರ ಬಿಡಿಸುತ್ತಿದ್ದರೆಂಬುದಕ್ಕೆ ಸೆಗಾ ಸಂಸ್ಥೆಯ 1991ರ ‘ಸೋನಿಕ್’ ಆಟದ ಜಲಪಾತವೇ ಸಾಕ್ಷಿ: ಒಂದು ಬಿಟ್ಟು ಒಂದರಂತೆ ಎಳೆದ ಅದರ ಲಂಬ ಗೆರೆಗಳು ಹಳೆಯ ವಿಡಿಯೋ ತಂತಿಯಲ್ಲಿ ಹಾದು ಬಂದಾಗ ಬೆರೆತು ಪಾರದರ್ಶಕ ನೀರಾಗಿ ಕಾಣುತ್ತಿದ್ದವು, ಇಂದಿನ ಚಪ್ಪಟೆ ಪರದೆಯಲ್ಲಿ ಬರಿಯ ಗೆರೆಗಳಾಗಿಯೇ ಉಳಿಯುತ್ತವೆ. ಡಕ್ ಹಂಟ್ ಬಂದೂಕಿನ ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದೆಡೆಯಲ್ಲಿ ಬಿಳಿಯ ಚೌಕ ಮೂಡಿ, ಆ ಬೆಳಕು ಬಂದೂಕಿನ ಕಣ್ಣಿಗೆ ತಾಗಿದರೆ ಗುರಿ ತಗುಲಿತೆಂದು ಯಂತ್ರವು ಎಣಿಸುತ್ತಿತ್ತು. ಚಪ್ಪಟೆ ಟಿವಿಯು ಚಿತ್ರವನ್ನು ತುಸು ತಡವಾಗಿ ತೋರಿಸುವುದರಿಂದ ಈ ಲೆಕ್ಕ ತಪ್ಪಿ, ಆ ಬಂದೂಕು ಅಲ್ಲಿ ಪ್ರಯೋಜನಕ್ಕೆ ಬಾರದು.

ಎಮ್ಯುಲೇಟರುಗಳ ಕಾಲ 1997ರಲ್ಲಿ ನಿಚ್ಚಳವಾಗಿ ತೆರೆದುಕೊಂಡಿತು. ಆ ವರ್ಷದ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು ಪಾರ್ಲರ್ ಬೋರ್ಡುಗಳ ಎಮ್ಯುಲೇಟರಾದ ‘ಮೇಮ್’ ಅನ್ನು ಬಿಡುಗಡೆ ಮಾಡಿದರು. ಏಪ್ರಿಲಿನಲ್ಲಿ ನಿಂಟೆಂಡೊ ಯಂತ್ರದ ಎಮ್ಯುಲೇಟರಾದ ‘ನೆಸ್ಟಿಕಲ್’ ಬಂದು, ಸಾಧಾರಣ ಕಂಪ್ಯೂಟರಿನಲ್ಲಿಯೂ ಸರಾಗವಾಗಿ ಓಡಿ, ಆಟವನ್ನು ಬೇಕಾದ ಕ್ಷಣದಲ್ಲಿ ಉಳಿಸಿ ಅಲ್ಲಿಂದಲೇ ಮುಂದುವರಿಸುವ ಸೌಕರ್ಯವನ್ನು ಜನಪ್ರಿಯಗೊಳಿಸಿತು. ಮಾರಿಯೋ ಗಾತ್ರದ ಮೂವತ್ತಕ್ಕೂ ಹೆಚ್ಚು ಆಟಗಳು ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದರಿಂದ, ಅವು ಸೈಬರ್ ಕೆಫೆಗಳಿಂದ ಹಾಸ್ಟೆಲುಗಳಿಗೂ ಮನೆಗಳಿಗೂ ನಡೆದವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರು ಮಧ್ಯಮವರ್ಗದ ಮನೆಗೆ ಬಂದಂತೆ ಕ್ಯಾಸೆಟ್ ಬಾಡಿಗೆ ನಿಂತಿತು. ಪಾರ್ಲರುಗಳಲ್ಲಿ ಕೆಲವು ನಾಣ್ಯದ ಪೆಟ್ಟಿಗೆಗಳನ್ನು ತೆಗೆದು ಗಂಟೆಯ ಲೆಕ್ಕದಲ್ಲಿ ಪ್ಲೇಸ್ಟೇಷನ್ ಆಡಿಸಿದವು, ಮುಂದೆ ಅವೂ ಇಂಟರ್ನೆಟ್ ಅಂಗಡಿಗಳಾದವು. ಕ್ಯಾಸೆಟ್ಟು ಸರಕಾಗಿದ್ದ ಕಡೆ ಫೈಲು ಬಂದ ಮೇಲೆ ಮಾರುವುದಕ್ಕೂ ರಿಪೇರಿ ಮಾಡುವುದಕ್ಕೂ ಏನೂ ಉಳಿಯಲಿಲ್ಲ.

ಮೊದಲ ಎಮ್ಯುಲೇಟರುಗಳು ವೇಗಕ್ಕಾಗಿ ನಿಖರತೆಯನ್ನು ಬಿಟ್ಟುಕೊಟ್ಟಿದ್ದವು. ಒಂದೊಂದು ಜನಪ್ರಿಯ ಆಟಕ್ಕೂ ಒಂದೊಂದು ತೇಪೆ ಹಾಕಿ ಓಡಿಸುತ್ತಿದ್ದುದರಿಂದ ಹೆಸರಿಲ್ಲದ ಆಟಗಳು ಮುರಿದೇ ಉಳಿಯುತ್ತಿದ್ದವು. ಬೈಯೂ ಎಂಬ ಹೆಸರಿನಿಂದ ಪರಿಚಿತರಾಗಿದ್ದ ತಂತ್ರಜ್ಞರು 2004ರಲ್ಲಿ ಆರಂಭಿಸಿದ ‘ಬಿಸ್ನೆಸ್’ ಎಮ್ಯುಲೇಟರು ಈ ದಾರಿಯನ್ನು ತೊರೆದು, ಸೂಪರ್ ಫ್ಯಾಮಿಕಾಮ್‌ನ ಪ್ರತಿಯೊಂದು ಚಿಪ್ಪಿನ ನಡೆಯನ್ನೂ ಅದರ ಗಡಿಯಾರದ ಮಿಡಿತಕ್ಕೆ ಸರಿಯಾಗಿ ಅನುಕರಿಸುವ ಗುರಿಯನ್ನು ಹಿಡಿಯಿತು. ಕಂಪ್ಯೂಟರಿನಿಂದ ಹೆಚ್ಚಿನ ವೇಗವನ್ನು ಬೇಡಿದರೂ, ಸಂರಕ್ಷಣೆಯ ದೃಷ್ಟಿಯಿಂದ ಸರಿಯಾದ ದಾರಿ ಇದೇ; ಅನುಕರಣೆ ನಿಖರವಾಗಿದ್ದರೆ ಯಾರೂ ಪರೀಕ್ಷಿಸದ ಆಟವೂ ತಾನಾಗಿಯೇ ಸರಿಯಾಗಿ ಓಡುತ್ತದೆ. ಉಳಿದಿರುವ ಕೊರತೆ ವಿಳಂಬದ್ದು: ಮೂಲ ಯಂತ್ರವು ಗುಂಡಿಯ ಸ್ಥಿತಿಯನ್ನು ನೇರವಾಗಿ ಓದಿ ಗೆರೆಗೆರೆಯಾಗಿ ಟಿವಿಗೆ ಚಿತ್ರ ಕಳಿಸುತ್ತಿದ್ದರೆ, ಇಂದು ಹಿಡಿಗೆ, ಕಾರ್ಯಾಚರಣಾ ವ್ಯವಸ್ಥೆ ಮತ್ತು ಪರದೆ ಇವು ಒಂದೊಂದೂ ತಮ್ಮ ಪಾಲಿನ ತಡವನ್ನು ಸೇರಿಸುತ್ತವೆ, ಮತ್ತು ಮಾರಿಯೋನ ಜಿಗಿತದಲ್ಲಿ ಆ ತಡವು ಬೆರಳಿಗೆ ತಿಳಿಯುತ್ತದೆ.

ಎಮ್ಯುಲೇಷನ್ ಎಂದರೆ ಕಳ್ಳತನವೆಂಬ ಸರಳ ತೀರ್ಮಾನವನ್ನು ಒಪ್ಪಲಾಗದು. ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ಸಂಸ್ಥೆಗಳ ವ್ಯಾಜ್ಯದಲ್ಲಿ, ಎಮ್ಯುಲೇಟರನ್ನು ಕಟ್ಟುವುದಕ್ಕಾಗಿ ಕನೆಕ್ಟಿಕ್ಸ್ ಸೋನಿಯ ಪ್ಲೇಸ್ಟೇಷನ್ನಿನ ತಂತ್ರಾಂಶವನ್ನು ನಕಲಿಸಿ ಅಭ್ಯಾಸ ಮಾಡಿದ್ದನ್ನು ನ್ಯಾಯಸಮ್ಮತ ಬಳಕೆಯೆಂದು ಎತ್ತಿಹಿಡಿಯಿತು. ಆಟದ ಪ್ರತಿಯನ್ನು ಹಕ್ಕಿಲ್ಲದೆ ಹಂಚುವುದು ಬೇರೆಯ ಮಾತು. ಆದರೆ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಕೊಳ್ಳುವುದಕ್ಕೆ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತೋರಿಸಿಕೊಟ್ಟಿರುವಾಗ, ಮಾರುವವರೇ ಇಲ್ಲದ ಕೃತಿಗಳು ಅಭಿಮಾನಿಗಳ ದುಡಿಮೆಯಿಂದಲ್ಲದೆ ಬೇರೆ ಹೇಗೆ ಉಳಿಯಬೇಕೆಂಬ ಪ್ರಶ್ನೆಗೆ ಕಾನೂನು ಇನ್ನೂ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಕ್ಯಾಪ್‌ಕಾಮ್‌ನ ಸಿಪಿಎಸ್-2 ಎಂಬ ಪಾರ್ಲರ್ ಬೋರ್ಡುಗಳ ಕತೆ ಇದಕ್ಕೆ ನಿದರ್ಶನ: ಗೂಢಲಿಪಿಯ ಕೀಲಿಯನ್ನು ಒಂದು ಸಣ್ಣ ಬ್ಯಾಟರಿಯ ಬಲದ ಮೇಲೆ ಹಿಡಿದಿಟ್ಟಿದ್ದ ಆ ಬೋರ್ಡುಗಳು ಬ್ಯಾಟರಿ ಸತ್ತ ಕೂಡಲೇ ತಮ್ಮ ಪ್ರೋಗ್ರಾಮನ್ನು ತಾವೇ ಓದಲಾರದೆ ಹೋಗುತ್ತಿದ್ದವು, ಆ ಗೂಢಲಿಪಿಯನ್ನು ಸಾಲ್ಮೋರಿಯಾ ಮೊದಲಾದವರು 2007ರಲ್ಲಿ ಬಿಡಿಸಿದ್ದರಿಂದ ಆ ಆಟಗಳ ತಿರುಳು ಬ್ಯಾಟರಿಯ ಹಂಗಿನಿಂದ ಪಾರಾಯಿತು.

ಫ್ಯಾಮಿಕಾಮ್‌ನ ಕರ್ತೃ ಉಎಮುರಾ ಅವರೇ ನಿಂಟೆಂಡೊದಿಂದ ನಿವೃತ್ತರಾದ ಮೇಲೆ ಕ್ಯೋಟೋದ ರಿತ್ಸುಮೆಯಿಕಾನ್ ವಿಶ್ವವಿದ್ಯಾಲಯದಲ್ಲಿ ಆಟಗಳ ಅಧ್ಯಯನ ಮತ್ತು ಸಂರಕ್ಷಣೆಗೆ ದುಡಿದರು. ಅಲ್ಲಿ ಉಳಿಯುವುದು ಸಹಜವಾಗಿಯೇ ಜಪಾನಿನ ಮೂಲ ಯಂತ್ರಗಳು ಮತ್ತು ಮೂಲ ಆಟಗಳು. ಭಾರತದ ಪೇಟೆಗಳಲ್ಲಿ ಮಾರಾಟವಾದ ನಕಲಿ ಯಂತ್ರಗಳು, ಹಲವು ಆಟಗಳ ಕ್ಯಾಸೆಟ್ಟುಗಳು ಮತ್ತು ಅವುಗಳೊಳಗೆ ಅಲ್ಲಲ್ಲಿ ತಿದ್ದಿದ ಆಟಗಳು ಅಧಿಕೃತ ಇತಿಹಾಸದ ಹೊರಗಿವೆ. ಆ ಕ್ಯಾಸೆಟ್ಟುಗಳ ಬೋರ್ಡುಗಳು ಆಟದಿಂದ ಆಟಕ್ಕೆ ಜಿಗಿಯುವ ವಿಧಾನ ಹಲವು ಬಗೆಯದಾದುದರಿಂದ, ಪ್ರತಿಯೊಂದನ್ನೂ ಬಿಡಿಯಾಗಿ ಓದಿ ದಾಖಲಿಸದ ಹೊರತು ಎಮ್ಯುಲೇಟರಿನಲ್ಲಿ ಓಡಿಸಲಾಗದು. ಆದರೂ ಇಲ್ಲಿನ ಒಂದು ಇಡೀ ತಲೆಮಾರು ಕಂಪ್ಯೂಟರನ್ನು ಮೊದಲು ಕೈಯಲ್ಲಿ ಹಿಡಿದದ್ದು ಅವುಗಳ ಮೂಲಕವೇ. ಮನೆಯ ಅಟ್ಟಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳ ಚಿಪ್ಪಿನಲ್ಲಿರುವುದನ್ನು ಓದಿ ಉಳಿಸುವುದು, ಹಿಡಿಗೆ ಮತ್ತು ಪಿಕ್ಚರ್ ಟ್ಯೂಬುಗಳಲ್ಲಿ ಕೆಲವನ್ನಾದರೂ ಓಡುವ ಸ್ಥಿತಿಯಲ್ಲಿ ಇಡುವುದು, ಪಾರ್ಲರ್ ನಡೆಸಿದವರ ಮತ್ತು ರಿಪೇರಿ ಮಾಡಿದವರ ತಿಳಿವಳಿಕೆಯನ್ನು ಅವರಿರುವಾಗಲೇ ಬರೆದುಕೊಳ್ಳುವುದು ಈ ನಾಡಿನ ಕಾಲೇಜುಗಳಿಗೂ ವಸ್ತುಸಂಗ್ರಹಾಲಯಗಳಿಗೂ ಅಸಾಧ್ಯವಾದ ಕೆಲಸವೇನಲ್ಲ. ಬೇರೆ ಯಾವ ದೇಶದವರೂ ಇದನ್ನು ಇಲ್ಲಿಯವರ ಪರವಾಗಿ ಮಾಡಲಾರರಾದುದರಿಂದ ಅದರ ಹೊಣೆ ಇಲ್ಲಿಯವರದೇ ಆಗಿದೆ.