ಮಾರಿಕಣಿವೆಗೆ ಮೇಲಿನಿಂದ ಇಳಿಯುವುದಾದರೆ

ಹಿರಿಯೂರಿನಿಂದ ಪಶ್ಚಿಮಕ್ಕೆ ಹೊರಟ ರಸ್ತೆ ತೆಂಗಿನ ತೋಟಗಳ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ಸಾಗಿ ಕುರುಚಲು ಗುಡ್ಡಗಳ ಬುಡ ಮುಟ್ಟುತ್ತದೆ. ಮಳೆ ಕೈಕೊಡುವುದೇ ರೂಢಿಯಾದ ಸೀಮೆ ಇದು. ಇಂಥಲ್ಲಿ ಗುಡ್ಡ ಹತ್ತಿ ತಿರುಗಿ ನೋಡಿದಾಗ ಕಾಣುವ ಆ ನೀರನ್ನು ಕಣ್ಣು ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ. ಎರಡು ಬೆಟ್ಟ, ನಡುವೆ ಒಂದು ಕಲ್ಲಿನ ಗೋಡೆ, ಗೋಡೆಯ ಹಿಂದೆ ಹೊಸದುರ್ಗದ ದಿಕ್ಕಿಗೆ ಮುಗಿಯದ ನೀಲಿ. ನಾನು ಮಾತು ಮರೆತು ನಿಂತಿದ್ದೆ. ಪಕ್ಕದಲ್ಲಿದ್ದ ಅಕ್ಕನ ಮಗ ಕಣ್ಣು ಕಿರಿದು ಮಾಡಿಕೊಂಡು, “ಮಾವ, ಇಲ್ಲಿ ಡ್ರಾಪ್ ಆದ್ರೆ ಮೊದಲು ಆ ಗೋಡೇನೇ ಹಿಡೀಬೇಕು” ಅಂದ.

ಅವನು ಆಡುವುದು ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಮೊಬೈಲನ್ನು ನಿಷೇಧಿಸಿದಾಗ ಊರೂರಿನ ಹುಡುಗರು ಮಂಕಾಗಿದ್ದರಲ್ಲ, ಅದೇ ಆಟ 2021ರ ಜುಲೈನಲ್ಲಿ ಈ ಹೆಸರು ಹೊತ್ತು ಮರಳಿತು. ನೂರು ಜನ ಒಂದೇ ವಿಮಾನದಲ್ಲಿ, ಬರಿಗೈಯಲ್ಲಿ. ಕೆಳಗೆ ಎರಾಂಗೆಲ್ ಎಂಬ ಕಲ್ಪನೆಯ ನಾಡು. ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ವಿಮಾನ ಅದರ ಮೇಲೆ ನೇರ ಗೆರೆಯಲ್ಲಿ ಹಾದುಹೋಗುತ್ತದೆ, ಆ ಗೆರೆ ಆಟದಿಂದ ಆಟಕ್ಕೆ ಬೇರೆ. ಎಲ್ಲಿ ಧುಮುಕಬೇಕೆಂಬುದು ಅವರವರ ಲೆಕ್ಕ.

“ಎಲ್ರೂ ಗನ್ ಹೊಡೆಯೋದು ಕಲೀತಾರೆ ಮಾವ. ಇಳಿಯೋದು ಯಾರೂ ಕಲಿಯಲ್ಲ. ಅದಕ್ಕೇ ಮೊದಲನೇ ನಿಮಿಷಕ್ಕೇ ಮನೆಗೆ ಹೋಗ್ತಾರೆ.”

ಆಮೇಲೆ ಆ ಗುಡ್ಡದ ಮೇಲೆ ನಡೆದದ್ದು ಪಾಠವೇ. ಇಳಿಯುವ ಜಾಗ ಸರಿಯಾಗಿ ಕಾಲಡಿಗೆ ಬರುವವರೆಗೆ ಕಾಯುವವನು ದಡ್ಡ. ಮುಂಚೆಯೇ ಹಾರಿ ಓರೆಯಾಗಿ ಬೀಳಬೇಕು. ತಲೆ ಕೆಳಗೆ ಮಾಡಿ ನೇರ ಬಿದ್ದರೆ ತೆರೆಯ ಮೇಲೆ ವೇಗ ಗಂಟೆಗೆ 234 ಕಿಲೋಮೀಟರ್ ಮುಟ್ಟುತ್ತದೆ. ದೂರ ಹೋಗಬೇಕಿದ್ದರೆ ಮೈಯನ್ನು ಚಾಚಿ ತೇಲಬೇಕು, ಆಗ ವೇಗ ಕಳೆದುಕೊಳ್ಳುತ್ತೀರಿ. ನನಗೆ ಬೆರಗು ಹುಟ್ಟಿಸಿದ್ದು ಇನ್ನೊಂದು. ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಳ್ಳುವುದು ಕೆಳಗಿರುವ ನೆಲದಿಂದ ಇಂತಿಷ್ಟು ಎತ್ತರದಲ್ಲಿ. ಗುಡ್ಡದ ಮೇಲೆ ಬೀಳುವವನಿಗೆ ಬೇಗ ಬಿಚ್ಚಿಕೊಳ್ಳುತ್ತದೆ, ಅವನು ನಿಧಾನವಾಗಿ ತೂಗಾಡುತ್ತಾ ಬರುತ್ತಾನೆ. ತಗ್ಗಿನ ಮೇಲೆ ಬಿದ್ದವನಿಗೆ ತಡವಾಗಿ ಬಿಚ್ಚಿಕೊಳ್ಳುತ್ತದೆ, ಅವನೇ ಮೊದಲು ನೆಲ ಮುಟ್ಟುತ್ತಾನೆ, ಅವನ ಕೈಗೇ ಮೊದಲು ಬಂದೂಕು. “ಅಂದ್ರೆ ಇಲ್ಲಿ,” ಎಂದು ಹುಡುಗ ಗೋಡೆಯ ಕೆಳಮಗ್ಗುಲಿನ ಕಮರಿಯನ್ನು ತೋರಿಸಿದ, “ಆ ಕಡೆ ಬೀಳಬೇಕು. ಗುಡ್ಡದ ಮೇಲೆ ಬರೋರು ಇನ್ನೂ ಗಾಳೀಲಿ ಇರ್ತಾರೆ, ನಾನು ಮೆಟ್ಲು ಹತ್ತಿರ್ತೀನಿ.”

ಬೀಳುವಾಗ ಸುತ್ತ ತಿರುಗಿ ನೋಡಿ ಎಷ್ಟು ಜನ ಜೊತೆಗೆ ಬರುತ್ತಿದ್ದಾರೆ ಎಂದು ಎಣಿಸಬೇಕಂತೆ. ನಾಲ್ವರ ತಂಡದಲ್ಲಿ ಒಬ್ಬನ ಹಿಂದೆ ಉಳಿದವರು ಹೋಗಬೇಕು, ಆದರೆ ಒಂದೇ ಮನೆಯ ಮೇಲೆ ನಾಲ್ವರೂ ಇಳಿಯಬಾರದು. ಮತ್ತೆ ಸೇತುವೆ! ಎರಾಂಗೆಲ್‌ನ ದಕ್ಷಿಣಕ್ಕೆ ಸೈನಿಕ ನೆಲೆಯ ದ್ವೀಪವಿದೆ, ಅದಕ್ಕೂ ದೊಡ್ಡ ನೆಲಕ್ಕೂ ಎರಡೇ ಸೇತುವೆ. ಅಲ್ಲಿ ಕೂತು ಕಾಯುವವರನ್ನು ಕ್ಯಾಂಪರ್ ಎಂದು ಬೈಯುತ್ತಾರೆ. ಬೈಗುಳ ಯಾಕೋ ನನಗೆ ಅರ್ಥವಾಗಲಿಲ್ಲ. ಕಿಂಡಿಯ ಬಾಯಲ್ಲಿ ಕಾದು ನಿಂತವಳನ್ನು ಚಿತ್ರದುರ್ಗದವರು ಇವತ್ತಿಗೂ ಕೈಮುಗಿದು ನೆನೆಯುತ್ತಾರೆ.

ಆಮೇಲೆ ನಾನು ಆ ಗೋಡೆಯನ್ನು ಅವನ ಕಣ್ಣಿಂದ ನೋಡತೊಡಗಿದೆ. ವೇದಾವತಿ ಎಷ್ಟೋ ಮೈಲಿ ಹರಡಿ ಹರಿದು ಬಂದು ಇದೊಂದು ಕಡೆ ಮಾತ್ರ ಎರಡು ಬೆಟ್ಟಗಳ ಸಂದಿಯಲ್ಲಿ ನುಸುಳುತ್ತದೆ. ಉದ್ದ 1330 ಅಡಿಯ ಗೋಡೆ ಸಾಕು, ಹಿಂದೆ 30 ಟಿಎಂಸಿ ನೀರು ನಿಲ್ಲುತ್ತದೆ. ವಿಮಾನವಿಲ್ಲದ ಕಾಲದಲ್ಲಿ, ನೆಲದ ಮೇಲೆ ನಡೆದೇ ಈ ಸಂದಿಯನ್ನು ಕಂಡವರ ಕಣ್ಣಿಗೆ ಏನೆನ್ನಬೇಕು? ಕಲ್ಲು ಗಾರೆಯ ಆ ಕಟ್ಟೆ ಮುಗಿದದ್ದು 1907ರಲ್ಲಿ. ಬಾಲಕ ಕೃಷ್ಣರಾಜರ ಪರವಾಗಿ ರಾಜ್ಯವಾಳಿದ ತಾಯಿ ವಾಣಿವಿಲಾಸ ಸನ್ನಿಧಾನದ ಹೆಸರು ಅದಕ್ಕೆ. ಜನರ ಬಾಯಲ್ಲಿ ಮಾತ್ರ ಕಣಿವೆ ಮಾರಮ್ಮನದೇ ಹೆಸರು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಊರುಗಳ ಮುಂದೆ ಯಾವ ಕ್ಯಾಂಪರ್ ನಿಂತಾನು!

ನಿಜವಾದ ಛತ್ರಿಸೈನಿಕರೂ ಹುಡುಕುವುದು ಇಂಥ ಇಕ್ಕಟ್ಟನ್ನೇ. 1971ರ ಡಿಸೆಂಬರ್ 11ರಂದು ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಇಂದಿನ ಬಾಂಗ್ಲಾದೇಶದ ತಂಗೈಲ್ ಬಳಿ ಇಳಿದದ್ದು ಪುಂಗ್ಲಿ ಸೇತುವೆಗಾಗಿ. ಉತ್ತರದಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಪಡೆಗೆ ಅದೇ ದಾರಿ. ಅವತ್ತು ಸಂಜೆಯೇ ಸೇತುವೆ ಕೈಗೆ ಬಂತು. ಇದನ್ನು ಹೇಳಿದಾಗ ಹುಡುಗ ಫೋನ್ ಕಿಸೆಗಿಟ್ಟು ಕೇಳಿದ. ಅವರು ತಲೆ ಕೆಳಗೆ ಮಾಡಿ ಬೀಳುವುದಿಲ್ಲ, ವಿಮಾನಕ್ಕೆ ಕಟ್ಟಿದ ಪಟ್ಟಿ ಎಳೆದುಕೊಂಡು ಪ್ಯಾರಾಚೂಟ್ ಕೂಡಲೇ ಬಿಚ್ಚಿಕೊಳ್ಳುತ್ತದೆ, ಬಂದೂಕು ಗುಂಡು ಎಲ್ಲ ಹೊತ್ತೇ ಇಳಿಯುತ್ತಾರೆ ಎಂದಾಗ, “ಲೂಟ್ ಹುಡುಕೋ ಹಂಗೇ ಇಲ್ವಾ? ಸುಲಭ ಬಿಡಿ” ಎಂದವನು, ಆ ಭಾರದ ಸಮೇತ ಕಾಲು ಮುರಿಯದಂತೆ ಉರುಳಿ ಏಳಬೇಕು ಅಂದಮೇಲೆ ಸುಮ್ಮನಾದ. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ ಎಂಬುದು ಅವನಿಗೆ ಹೊಸ ಸುದ್ದಿ.

ಹೆದ್ದಾರಿಗೆ ಬಂದು ಚಿತ್ರದುರ್ಗದ ಕಡೆ ತಿರುಗಿದೆವು. ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲು ಗಾಳಿಯಂತ್ರ, ಮುಂಗಾರಿನ ಗಾಳಿಗೆ ಒಂದೂ ಬಿಡುವಿಲ್ಲದೆ ತಿರುಗುತ್ತಿದ್ದವು. ಹುಡುಗ ಕಿಟಕಿಯಿಂದ ಕೈ ಹೊರಚಾಚಿ ಗಾಳಿಯ ಬಲ ನೋಡಿದ. ಅವನ ಆಟದಲ್ಲಿ ಛತ್ರಿಯನ್ನು ತಳ್ಳುವ ಗಾಳಿಯೇ ಇಲ್ಲವಂತೆ.

“ಮಾವ, ಈ ಗಾಳಿ ಯಾವ ಕಡೆಗೆ ಬೀಸ್ತಿದೆ?”

“ಈಶಾನ್ಯಕ್ಕೆ.”

“ಹಂಗಾದ್ರೆ ಮಾರಿಕಣಿವೆಗೆ ಅಂತ ಹಾರಿದೋನು ಚಳ್ಳಕೆರೇಲಿ ಇಳೀತಾನೆ” ಅಂದ. ಇಳಿದರೂ ಚಿಂತೆಯಿಲ್ಲ ಎಂದೆ; ಅಲ್ಲಿ ಡಿಆರ್‌ಡಿಒದವರು 2017ರಿಂದ ವಿಮಾನ ಹಾರಿಸಿ ಪರೀಕ್ಷಿಸುವ ಬಯಲಿದೆ. “ಸಿವಿಲ್ ಡ್ರೆಸ್‌ನಲ್ಲಿ ಇಳಿದ್ರೆ ಬಿಡ್ತಾರಾ?” ಎಂಬ ಅವನ ಪ್ರಶ್ನೆಯ ಮೇಲೆ ಐಮಂಗಲದವರೆಗೂ ಚರ್ಚೆ ನಡೆಯಿತು.