ದ್ವೀಪದಿಂದ ದ್ವೀಪಕ್ಕೆ, ನಡುವೆ ಬಸ್ಸು

ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲಿ ಈಗ ಗ್ರೀಸ್ ಸೀಸನ್. ಹೋದ ವರ್ಷ ವಿಯೆಟ್ನಾಂ ಇತ್ತು, ಅದಕ್ಕೂ ಮೊದಲು ಬಾಲಿ. ಈ ಸಲ ಎಲ್ಲರ ಫೋನಿನಲ್ಲೂ ಬಿಳಿ ಹಾಯಿ, ನೀಲಿ ನೀರು. ಎಂಟು ಜನ ಸೇರಿ ಒಂದು ಯಾಟ್ ಬಾಡಿಗೆಗೆ ಹಿಡಿಯೋದು, ಶನಿವಾರ ಅಥೆನ್ಸ್ ಹತ್ತಿರದ ಮರೀನಾದಲ್ಲಿ ಹತ್ತೋದು, ಏಜಿನಾ, ಪೋರೋಸ್, ಹೈಡ್ರಾ ಅಂತ ದ್ವೀಪದಿಂದ ದ್ವೀಪಕ್ಕೆ ಹಾರಿ, ಮುಂದಿನ ಶನಿವಾರ ದೋಣಿ ವಾಪಸ್ ಒಪ್ಪಿಸೋದು. ಕೇಳೋಕೆ ಸೆಲ್ಫ್ ಡ್ರೈವ್ ಕಾರಿನಷ್ಟೇ ಸುಲಭ. ಆದರೆ ನೀವೇ ಓಡಿಸ್ತೀನಿ ಅಂದರೆ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಸ್ಕಿಪ್ಪರ್ ಸಂಬಳ ಬೇರೆ. ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಏಜಿಯನ್ ಸಮುದ್ರದಲ್ಲಿ ಎಂಥ ಪ್ಲಾನ್ ಬೇಕಾದರೂ ಬುಡಮೇಲು ಮಾಡುತ್ತದೆ ಅನ್ನೋದನ್ನ ರೀಲ್ಸ್ ಹೇಳಲ್ಲ.

ನನ್ನ ಪಾಲಿನ ಖರ್ಚು ನೋಡಿ ಸ್ಪ್ರೆಡ್‌ಶೀಟ್ ಮುಚ್ಚಿದೆ. ಅದು ಒಂದು ಕಾರಣ. ಇನ್ನೊಂದು ಕಾರಣ ಅಮ್ಮ. ನಮ್ಮ ಮನೆದೇವರು ನರಸಿಂಹ. ಚಿಕ್ಕಲಸಂದ್ರದ ನಮ್ಮ ಬೀದಿಯಲ್ಲಿ ಹಿಂದೆ ಕಾರವಾರದವರೊಬ್ಬರು ಬಾಡಿಗೆಗಿದ್ದರು. ಸಮುದ್ರದ ನಡುವೆ ಕೂರ್ಮಗಡ ಅಂತ ದ್ವೀಪ ಇದೆ, ಅಲ್ಲಿ ನರಸಿಂಹ ದೇವರಿದ್ದಾನೆ, ಪುಷ್ಯ ಹುಣ್ಣಿಮೆಗೆ ಜಾತ್ರೆ ಅಂತ ಅವರು ಹೇಳಿದ್ದು ಅಮ್ಮನ ತಲೆಯಲ್ಲಿ ಕೂತುಬಿಟ್ಟಿತ್ತು. ಈಗ ಮಂಡಿ ನೋವು. ಡಾಕ್ಟರು ಆಪರೇಷನ್ ಮಾತಾಡುತ್ತಿದ್ದಾರೆ. 'ಆಪರೇಷನ್ ಆದ್ಮೇಲೆ ದೋಣಿ ಹತ್ತೋಕೆ ಯಾರು ಬಿಡ್ತಾರೆ' ಅಂದಳು. ಸರಿ, ಗ್ರೀಸ್ ಬೇಡ, ನಮ್ಮದೇ ಕರಾವಳಿಯಲ್ಲಿ ದ್ವೀಪ ಹಾರೋಣ ಅಂತ ನಾನೂ ಅಮ್ಮನೂ ಹೊರಟೆವು. ಮಲ್ಪೆ, ಮುರುಡೇಶ್ವರ, ಕಾರವಾರ. ನಾಲ್ಕು ದಿನ.

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಿನ ಜಾವ ಉಡುಪಿಯಲ್ಲಿ ಇಳಿದು, ತಿಂಡಿ ಮುಗಿಸಿ ಮಲ್ಪೆಗೆ ಹೋದೆವು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು 6 ಕಿಲೋಮೀಟರ್, ಅರ್ಧ ಗಂಟೆಯೊಳಗಿನ ದಾರಿ. ಊರವರ ಬಾಯಲ್ಲಿ ತೋನ್ಸೆಪಾರ್. ದೊಡ್ಡ ದೋಣಿಯಲ್ಲಿ ಜೋರು ಹಾಡು, ಕಾಲೇಜು ಹುಡುಗರ ಕುಣಿತ. ದ್ವೀಪದ ಹತ್ತಿರ ಸಣ್ಣ ದೋಣಿಗೆ ಇಳಿಯುವಾಗ ಮಾತ್ರ ಎಲ್ಲರೂ ಗಪ್‌ಚುಪ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಸಂತ ಮೇರಿಯ ಹೆಸರಿಟ್ಟ ಅನ್ನೋದು ಪ್ರತೀತಿ. ನನಗೆ ಗಾಮನಿಗಿಂತ ಕಲ್ಲು ಮುಖ್ಯ ಅನಿಸಿತು.

ಈ ಕಲ್ಲುಗಳನ್ನ ನೋಡಿದರೆ ಯಾರೋ ಅಚ್ಚು ಹಾಕಿ ಎರಕ ಹೊಯ್ದಿದ್ದಾರೆ ಅನಿಸುತ್ತೆ. ಐದು, ಆರು, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಒಂದನ್ನೊಂದು ಬಿಟ್ಟು ದೂರವಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುತ್ತಲ್ಲ, ಅದೇ ಲೆಕ್ಕ, ಇಲ್ಲಿ ಬಿರುಕು ಆಳಕ್ಕೆ ಇಳಿದು ಕಂಬವಾಗಿದೆ. ಗ್ರೀಸ್‌ನ ಸ್ಯಾಂಟೊರಿನಿಯೂ ಜ್ವಾಲಾಮುಖಿಯ ಮಗುವೇ. ಅದರ ಪ್ರಸಿದ್ಧ ಸ್ಫೋಟ ಆಗಿದ್ದು ಸುಮಾರು 3,600 ವರ್ಷಗಳ ಹಿಂದೆ. ನಮ್ಮ ಕಲ್ಲಿನ ಮುಂದೆ ಅದು ನಿನ್ನೆ ಮೊನ್ನೆಯದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಇದೇ ಗೌರವ ಪಡೆದ ಇನ್ನೊಂದು ಕಲ್ಲು ನಮಗೆ ಬನಶಂಕರಿಯಿಂದ ನಾಲ್ಕನೇ ಮೆಟ್ರೊ ಸ್ಟಾಪ್: ಲಾಲ್‌ಬಾಗ್ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅಮ್ಮನಿಗೆ ಹೇಳಿದರೆ, 'ಅದರ ಮೇಲೆ ಕೂತು ಎಷ್ಟು ಕಡ್ಲೇಕಾಯಿ ತಿಂದಿದೀವೋ' ಅಂದಳು.

ವಾಪಸ್ ಬರುವಾಗ ದೋಣಿಯವರನ್ನ ಕೇಳಿದೆ: ಇಲ್ಲಿಂದ ಸಮುದ್ರದಲ್ಲೇ ಮುರುಡೇಶ್ವರಕ್ಕೆ ಹೋಗಬಹುದಾ? ಅವರು ನಕ್ಕರು. 'ಬಸ್ ಉಂಟಲ್ಲ ಮಾರಾಯ್ರೇ.'

ಆ ನಗುವಿನಲ್ಲಿ ನನ್ನ ಇಡೀ ಪ್ಲಾನಿನ ಬಗ್ ಇತ್ತು ಅನ್ನಿ. ಗ್ರೀಸ್‌ನಲ್ಲಿ ಸಣ್ಣದು ದೊಡ್ಡದು ಸೇರಿ ಸುಮಾರು 6,000 ದ್ವೀಪಗಳು, ಅದರಲ್ಲಿ ಜನ ಇರೋದು 227ರಲ್ಲಿ. ಆ ಜನಕ್ಕೆ ಶಾಲೆ, ಆಸ್ಪತ್ರೆ, ತರಕಾರಿ ಎಲ್ಲಕ್ಕೂ ಹಡಗು ಬೇಕು. ಹಾಗಾಗಿ ಬಂದರುಗಳಿವೆ, ದಿನದ ಫೆರಿಗಳಿವೆ. ನಮ್ಮ ಬಿಎಂಟಿಸಿ ಇದ್ದ ಹಾಗೆ. ಪ್ರವಾಸಿಯ ಯಾಟ್ ಹೋಗಿ ಲಂಗರು ಹಾಕೋದು ಆ ಊರವರು ತಮಗಾಗಿ ಕಟ್ಟಿಕೊಂಡ ಬಂದರಿನಲ್ಲೇ. ನಾವು ಹೊರಟ ದ್ವೀಪಗಳಲ್ಲಿ ಊರೇ ಇಲ್ಲ. ಮಲ್ಪೆಯ ದೋಣಿ ಪ್ರವಾಸಿಗಾಗಿ, ಮುರುಡೇಶ್ವರದ್ದು ಡೈವ್ ಮಾಡುವವರಿಗಾಗಿ, ಕೂರ್ಮಗಡದ್ದು ದೇವರಿಗಾಗಿ. ಒಂದು ದ್ವೀಪಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಅದರ ಮೇಲೆ ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಕಡೆ ಹುಣ್ಣಿಮೆ ಅಮಾವಾಸ್ಯೆಗೆ ನೀರು ಒಂದೂವರೆ ಮೀಟರ್ ಆಸುಪಾಸು ಏರಿಳಿಯುತ್ತೆ. ಜೆಟ್ಟಿಯಿಲ್ಲದ ಬಂಡೆಯ ಮೇಲೆ ಇಳಿಯೋದೇ ಒಂದು ಲೆಕ್ಕಾಚಾರ. ಮಳೆಗಾಲದಲ್ಲಂತೂ ಸಮುದ್ರಕ್ಕೇ ಬಾಗಿಲು. ಜೂನ್-ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ.

ಹಾಗಾಗಿ ನಮ್ಮ ಯಾಟ್ ಅಂದರೆ ಹೆದ್ದಾರಿ 66ರ ಬಸ್ಸು. ಬೇಜಾರೇನಿಲ್ಲ, ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಯಾಟ್‌ನವರಿಗೂ ಆ ಸೀನ್ ಸಿಗಲ್ಲ.

ನೇತ್ರಾಣಿಯದ್ದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಮ್ಮ ಬರಲಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ ಇರುವ ಇದು ಮೇಲಿಂದ ಹೃದಯದಾಕಾರ ಕಾಣುತ್ತೆ. ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ಅಪ್ಪು 'ಗಂಧದ ಗುಡಿ'ಯಲ್ಲಿ ಇಲ್ಲಿ ನೀರಿಗಿಳಿದ ಮೇಲೆ ಬೆಂಗಳೂರಿನವರ ಪಟ್ಟಿಗೆ ಗಟ್ಟಿಯಾಗಿ ಸೇರಿತು. ಡೈವ್‌ಗೆ ಹೋದವರು ದ್ವೀಪಕ್ಕೆ ಇಳಿಯೋದಿಲ್ಲ, ದೋಣಿಯಿಂದ ಸೀದಾ ನೀರಿಗೆ. ಹೋಗುವಾಗ ಒಂದೂವರೆ ಗಂಟೆ ಹೊಟ್ಟೆ ತೊಳಸಿತು, ಕೆಳಗೆ ಹೋದಮೇಲೆ ಎಲ್ಲ ಮರೆಯಿತು. ಬಂಡೆಯ ಬಣ್ಣದ ಮೀನೊಂದು ನನ್ನ ಮುಖ ನೋಡಿ ಬೇಡವಾಗಿ ತಿರುಗಿ ಹೋಯಿತು. ಅಷ್ಟರಲ್ಲಿ ಅಮ್ಮ ಮುರುಡೇಶ್ವರದ ರಾಜಗೋಪುರದ ಲಿಫ್ಟ್ ಹತ್ತಿ, ಕಿಟಕಿಯಿಂದ ನನ್ನ ದೋಣಿ ಹುಡುಕುತ್ತಿದ್ದಳಂತೆ. ಹೊನ್ನಾವರದ ಹತ್ತಿರ ಕೆಳದಿ ನಾಯಕರ ಕಾಲದ ಬಸವರಾಜದುರ್ಗ ಅನ್ನೋ ಕೋಟೆ ದ್ವೀಪವೂ ಇದೆ. ಈ ಸಲ ಬಿಟ್ಟೆವು.

ಕಾರವಾರ ಬೇರೆಯೇ ಲೋಕ. ಇಲ್ಲಿ ನಿಜವಾಗಿಯೂ ದ್ವೀಪಗಳ ಗುಂಪಿದೆ: ಕೂರ್ಮಗಡ, 1864ರ ದೀಪಸ್ತಂಭ ಇರುವ ದೇವಗಡ, ದಕ್ಷಿಣಕ್ಕೆ ಅಂಜದೀವ್. ಕಾರವಾರದ ಮಗ್ಗುಲಲ್ಲೇ ಇದ್ದರೂ ಅಂಜದೀವ್ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿ ಮರುವರ್ಷವೇ ಬಿಟ್ಟುಹೋದ ಜಾಗ. ಮುಂದೆ ವರದಕ್ಷಿಣೆಯಾಗಿ ಬಂದ ಬೊಂಬಾಯಿಯನ್ನ ವಶಕ್ಕೆ ಪಡೆಯಲು ಇಂಗ್ಲೆಂಡಿನ ರಾಜ ಸೈನ್ಯ ಕಳಿಸಿದಾಗ ಪೋರ್ಚುಗೀಸ್ ಅಧಿಕಾರಿಗಳು ಒಪ್ಪಿಸಲಿಲ್ಲ. ಆ ಸೈನಿಕರು ಈ ದ್ವೀಪದಲ್ಲಿ ಕಾಯುತ್ತ ಕೂತರು. ಕಾಯಿಲೆಗೆ ಒಬ್ಬೊಬ್ಬರೇ ಸತ್ತರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ. 1665ರಲ್ಲಿ ಬೊಂಬಾಯಿ ಕೈಗೆ ಸಿಗುವ ಹೊತ್ತಿಗೆ ಬಂದಿದ್ದ ನೂರಾರು ಜನರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ವೇಳೆ ಇಲ್ಲೇ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. ಈಗ ಅದು ಕದಂಬ ನೌಕಾನೆಲೆಯ ಭಾಗ, ಅಲೆತಡೆಗೋಡೆ ಹಾಕಿ ದಡಕ್ಕೆ ಸೇರಿಸಿದ್ದಾರೆ. ದೋಣಿ ಬೇಕಿಲ್ಲದೆ ತಲುಪಬಹುದಾದ ಒಂದೇ ದ್ವೀಪ, ಅಲ್ಲಿಗೆ ನಮಗೆ ಪ್ರವೇಶವಿಲ್ಲ!

ಜಾತ್ರೆಯ ಬೆಳಗ್ಗೆ ದಕ್ಕೆಯಲ್ಲಿ ಬಾವುಟ ಕಟ್ಟಿದ ದೋಣಿಗಳು, ಹೆಗಲ ಮೇಲೆ ಬಾಳೆಗೊನೆ ಹೊತ್ತ ಜನ. ಮೀನುಗಾರರ ಮನೆಗಳಿಂದ ಇಡೀ ಕುಟುಂಬಗಳೇ ಬಂದಿದ್ದವು. ಅಮ್ಮ ಮಾತ್ರ ಮಾತಾಡುತ್ತಿರಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. 2019ರ ಜನವರಿ 21ರಂದು ಇದೇ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು, ಮಕ್ಕಳೂ ಸೇರಿ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು, ಲೈಫ್ ಜಾಕೆಟ್ ಹಾಕಿರಲಿಲ್ಲ ಅಂತ ಪೇಪರಿನಲ್ಲಿ ಬಂದಿತ್ತು. ಆ ಪೇಪರ್ ನಮ್ಮನೆ ಟೀಪಾಯ್ ಮೇಲೆ ಬಹಳ ದಿನ ಇತ್ತು. ಆಮೇಲೆ ಅಮ್ಮ ಕೂರ್ಮಗಡದ ಮಾತೇ ಎತ್ತಿರಲಿಲ್ಲ, ಮಂಡಿ ಮಾತು ಬರುವ ತನಕ.

ಒಂದು ದೋಣಿಯವರು ಕರೆದರು. ನನ್ನ ಕೆಲಸವೇ ಟೆಸ್ಟಿಂಗ್, ಕಣ್ಣು ತಾನಾಗಿಯೇ ಎಣಿಸುತ್ತೆ. ಕೂತವರು 14, ಜಾಕೆಟ್ 14. 'ಇನ್ನಿಬ್ಬರು ಆಗ್ತದೆ, ಅರ್ಧ ಗಂಟೆ ದಾರಿ, ಬನ್ನಿ.' ಜಾಕೆಟ್ ಕೇಳಿದೆ. 'ಅಮ್ಮನಿಗೆ ಯಾರಾದ್ರೂ ಕೊಡ್ತಾರೆ ಬಿಡಿ.' ಕೂತವರಲ್ಲಿ ಒಬ್ಬ ಹುಡುಗ ನಿಜಕ್ಕೂ ಬಿಚ್ಚೋಕೆ ಶುರು ಮಾಡಿದ. ಒಳ್ಳೇ ಹುಡುಗ. ಅಮ್ಮ ಅವನ ಕೈ ಹಿಡಿದು ಬಕಲ್ ಮತ್ತೆ ಹಾಕಿಸಿದಳು. 'ನಾವು ಆಮೇಲೆ ಬರ್ತೀವಿ' ಅಂತ ದಕ್ಕೆಯ ಕಟ್ಟೆ ಮೇಲೆ ಕೂತುಬಿಟ್ಟಳು. ಒಂದೂವರೆ ಗಂಟೆ. ಬಿಸಿಲು ಏರಿತು. ಈ ಸಲ ಆಗೋದಿಲ್ಲವೇನೋ ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಬಂದ ದೋಣಿಯಲ್ಲಿ ಜಾಕೆಟ್ ಹಾಕಿದವರನ್ನಷ್ಟೇ ಹತ್ತಿಸುತ್ತಿದ್ದರು. ಅಮ್ಮನ ಸೀರೆಯ ಮೇಲೆ ಕಿತ್ತಳೆ ಜಾಕೆಟ್, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ದ್ವೀಪದ ಹತ್ತಿರ ಬಂದಾಗ ನೀರಿನಲ್ಲಿ ಆಮೆ ತಲೆ ಎತ್ತಿದಂತೆ ಕಾಣುವ ಗುಡ್ಡ ನೋಡಿ, ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಅಂದಳು. ಇಳಿಯೋಕೆ ಇಬ್ಬರು ಕೈ ಕೊಟ್ಟರು. ಏರು ದಾರಿಯಲ್ಲಿ ಮೂರು ಕಡೆ ಕೂತೆವು. ಗುಡಿಯ ಮುಂದೆ ಸಾಲು ಉದ್ದವಿತ್ತು, ದರ್ಶನ ಸಿಕ್ಕಿದ್ದು ಅರೆ ನಿಮಿಷ. ಹೊರಗೆ ಬಂದು ಸಮುದ್ರದ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಳು. ನಾನು ಫೋಟೋ ತೆಗೆಯಲು ಹೋದರೆ ಜಾಕೆಟ್ ಬಿಚ್ಚಲಾ ಅಂತ ಕೇಳಿದಳು. ಬೇಡ ಅಂದೆ.

ಹೋಗುವವರಿಗೆ ಎರಡು ಮಾತು. ಅಕ್ಟೋಬರ್‌ನಿಂದ ಮೇ ಒಳಗೆ ಹೋಗಿ. ಮಂಡಿ ನೋವಿನವರಿಗೆ ಸೇಂಟ್ ಮೇರೀಸ್‌ನಲ್ಲಿ ದೋಣಿ ಬದಲಿಸೋದಕ್ಕಿಂತ ಕೂರ್ಮಗಡದ ಏರು ಕಷ್ಟ. ಜಾತ್ರೆಗೆ ಹೋದರೆ ಬೆಳಗ್ಗೆ ಬೇಗ ದಕ್ಕೆ ತಲುಪಿ. ಮಧ್ಯಾಹ್ನದ ಮೇಲೆ ವಾಪಸ್ ದೋಣಿಗೆ ನೂಕುನುಗ್ಗಲು, ಆಗ ಜಾಕೆಟ್ ಎಣಿಸೋಕೂ ಪುರುಸೊತ್ತು ಸಿಗಲ್ಲ. ಕಾರವಾರದಿಂದ ಸಂಜೆಯ ಪಂಚಗಂಗಾಗೆ ಲೋವರ್ ಬರ್ತ್ ಮೊದಲೇ ಬುಕ್ ಮಾಡಿ. ನಮಗೆ ಸಿಕ್ಕಿದ್ದು ಅಪ್ಪರ್ ಮತ್ತು ಸೈಡ್ ಅಪ್ಪರ್, ಕುಮಟಾದಲ್ಲಿ ಹತ್ತಿದ ಒಬ್ಬರು ಅಮ್ಮನಿಗೆ ತಮ್ಮ ಜಾಗ ಬಿಟ್ಟುಕೊಟ್ಟರು.