ಬಿಸಿಲಿಗೊಂದು ಮರ

ಕಡಬದ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗಿ ಹದಿನೈದು ವರ್ಷ ಕಳೆದರೂ ಊರಿನವರ ಪಾಲಿಗೆ ಅವರಿನ್ನೂ ಡ್ರಾಯಿಂಗ್ ಮೇಷ್ಟ್ರೇ. ಸಂಜೆ ಐದಾಯಿತೆಂದರೆ ಕೊಡೆ ಹಿಡಿದು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬರದಿದ್ದರೆ ರಾತ್ರಿ ಅವರಿಗೆ ಮುದ್ದೆ ಇಳಿಯುವುದಿಲ್ಲ. ಶಿಂಷೆಗೆ ಅಡ್ಡಲಾಗಿ ಕಟ್ಟಿದ ಈ ಕೆರೆ ಸಾಮಾನ್ಯದ್ದಲ್ಲ. ಲಂಕೆಯಿಂದ ಹಿಂದಿರುಗುವಾಗ ಇಲ್ಲಿ ತಂಗಿದ್ದ ಶ್ರೀರಾಮ, ಸೀತೆ ಕೇಳಿದಳೆಂದು ಕಟ್ಟಿಸಿದನಂತೆ. ಐತಿಹ್ಯವನ್ನು ನಂಬದವರೂ ಕೆರೆಯ ನೀರನ್ನು ಮಾತ್ರ ನಂಬಿಕೊಂಡೇ ಬದುಕಿದ್ದಾರೆ ಅನ್ನಿ.

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗಳು ಮೊಬೈಲಿನಲ್ಲಿ ಒಂದಷ್ಟು ಚಿತ್ರ ತೋರಿಸಿದಳು. 2007ರಲ್ಲಿ ವಿಯೆನ್ನಾದ ಬೀದಿಯಲ್ಲಿ ರಾಸ್ ಲವ್‌ಗ್ರೋವ್ ಎಂಬ ವಿನ್ಯಾಸಕಾರ ನಿಲ್ಲಿಸಿದ ಸೌರಮರ. ಬಾಗಿದ ಕೊಂಬೆಗಳ ತುದಿಯಲ್ಲಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬೆಳಗುವ ದೀಪಗಳು. 2009ರಲ್ಲಿ ಅಮೆರಿಕದ ಆಸ್ಟಿನ್ ನಗರದ ರಸ್ತೆ ಬದಿಯಲ್ಲಿ ಅರಳಿದ 15 ನೀಲಿ ಸೂರ್ಯಕಾಂತಿಗಳು. 2012ರಲ್ಲಿ ಬಾಗಿಲು ತೆರೆದ ಸಿಂಗಪುರದ ಉದ್ಯಾನದ 18 ಮಹಾವೃಕ್ಷಗಳು. ಅವುಗಳಲ್ಲಿ ಕೆಲವು ನೆತ್ತಿಯ ಮೇಲೆ ಸೌರಫಲಕ ಹೊತ್ತಿವೆ. ನಮ್ಮ ದೇಶದ್ದೂ ಒಂದಿತ್ತು. ದುರ್ಗಾಪುರದ ಸರ್ಕಾರಿ ಸಂಶೋಧನಾಲಯ 2020ರಲ್ಲಿ ನಿಲ್ಲಿಸಿದ, 35 ಫಲಕಗಳ, 11.5 ಕಿಲೋವಾಟ್ ಸಾಮರ್ಥ್ಯದ ಮರ.

‘ನಮ್ಮ ಕೆರೆ ಏರಿ ಪಕ್ಕ ಇಂಥದೊಂದು ಇದ್ರೆ ಹೇಗಿರುತ್ತೆ? ನೀವೇ ಒಂದು ಬರೆದುಕೊಡಿ ತಾತ. ಪಂಚಾಯ್ತಿಗೆ ಕೊಡೋಣ’ ಎಂದಳು.

ಮೇಷ್ಟ್ರಿಗೆ ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಅದಕ್ಕೆ ಕಾರಣವಿತ್ತು. ಅವರು ಪಾಠ ಹೇಳಿದಷ್ಟು ಕಾಲವೂ ಪರೀಕ್ಷೆ ಹತ್ತಿರ ಬಂತೆಂದರೆ ಡ್ರಾಯಿಂಗ್ ಪೀರಿಯಡ್ಡು ಗಣಿತದವರ ಪಾಲಾಗುತ್ತಿತ್ತು. ‘ಚಿತ್ರದಿಂದ ಏನು ಉಪಯೋಗ ಮೇಷ್ಟ್ರೇ?’ ಎಂದು ಕೇಳದ ಪೋಷಕರೇ ಇರಲಿಲ್ಲ. ಈಗ ಚಿತ್ರವೂ ಕರೆಂಟು ಹುಟ್ಟಿಸಿಕೊಟ್ಟು ತನ್ನ ಉಪಯೋಗ ತೋರಿಸಬೇಕೆ? ‘ಹೂವು ಹೂವಾಗಿದ್ದರೆ ಸಾಲದೇನಮ್ಮ?’ ಎಂದು ಕನ್ನಡಕ ತೆಗೆದಿಟ್ಟರು. ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಮರುವಾರ ಪಾವಗಡದ ಕಡೆ ಕೊಟ್ಟಿದ್ದ ತಂಗಿಯನ್ನು ನೋಡಲು ಇಬ್ಬರೂ ಹೊರಟರು. ಒಂದೇ ಜಿಲ್ಲೆಯಾದರೂ ಕಡಬದ ತೆಂಗು ಅಡಿಕೆ ನೋಡಿದ ಕಣ್ಣಿಗೆ ಮಧುಗಿರಿ ದಾಟಿದ ಮೇಲೆ ಬೇರೆ ದೇಶವೇ. ತಿರುಮಣಿ ಸಮೀಪಿಸುತ್ತಿದ್ದಂತೆ ದೂರದಲ್ಲಿ ನೀಲಿಯಾಗಿ ಹೊಳೆಯುವುದೇನೋ ಕಂಡಿತು. ‘ಪಾವಗಡದಲ್ಲೂ ಇಷ್ಟು ದೊಡ್ಡ ಕೆರೆ ತುಂಬಿದೆಯೇ!’ ಎಂದು ಮೇಷ್ಟ್ರು ಬೆರಗಾದರು. ಮನೆ ತಲುಪಿ ಹೇಳಿದಾಗ ತಂಗಿ ನಕ್ಕಳು. ‘ಅಯ್ಯೋ, ಅದು ಕೆರೆ ಅಲ್ಲ ಕಣಣ್ಣ. ಬಿಸಿಲು ಹಿಡಿಯೋ ಗಾಜು. ನಮ್ಮ ಹೊಲಾನೂ ಅದರೊಳಗೇ ಐತೆ.’

ತಿರುಮಣಿ, ವಳ್ಳೂರು, ಬಲಸಮುದ್ರ ಮೊದಲಾದ ಐದು ಹಳ್ಳಿಗಳ 13,000 ಎಕರೆಯಲ್ಲಿ ಹರಡಿರುವ ಈ ಸೌರ ಪಾರ್ಕ್ 2018ರಲ್ಲಿ ಆರಂಭವಾಗಿ, ಮುಂದಿನ ವರ್ಷದ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಇಲ್ಲಿ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಹೊಲವಿಲ್ಲದ ಕೂಲಿಯವರಿಗೆ ಮಾತ್ರ ಗುತ್ತಿಗೆ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ.

ತಂಗಿಗೆ ಹಣದ ದೂರೇನೂ ಇರಲಿಲ್ಲ. ‘ಮೊಮ್ಮಗನ ಓದು ಅದರಲ್ಲೇ ನಡೀತೈತೆ. ಆದರೆ ಬದುವಿನ ಹೊಂಗೆ ಮರದ ಕೆಳಗೆ ನಾವು ಹೆಂಗಸರು ಬುತ್ತಿ ಬಿಚ್ತಿದ್ವಲ್ಲ, ಅದು ಹೋಯ್ತು. ಈಗ ಸಂಜೆ ಕೂರಬೇಕು ಅಂದ್ರೆ ಎಲ್ಲಿ ಕೂರಲಿ ಅಣ್ಣ?’ ಎಂದಳು. ಫಲಕದ ಮೇಲೆ ನೆರಳು ಬಿದ್ದರೆ ವಿದ್ಯುತ್ತು ಕುಗ್ಗುತ್ತದೆ. ಆದ್ದರಿಂದ ಫಲಕಗಳ ಹೊಲದಲ್ಲಿ ಮರಕ್ಕೆ ಜಾಗವಿಲ್ಲ. ಊರೂರಿಗೆ ಬೆಳಕು ಬೇಕು, ಅದಕ್ಕೆ ಯಾರದಾದರೂ ಹೊಲ ಬೇಕು, ಇದು ಮೇಷ್ಟ್ರಿಗೆ ಅರ್ಥವಾಗದ ಸಂಗತಿಯಲ್ಲ. ಆದರೆ ತಂಗಿಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಬಸ್ಸಿನಲ್ಲಿ ಮೊಮ್ಮಗಳೊಡನೆ ಹೆಚ್ಚು ಮಾತಾಡದೆ ಊರಿಗೆ ಬಂದರು.

ಅಂದು ಸಂಜೆ ಕೆರೆ ಏರಿಯ ಮೇಲೆ ನಿಂತಾಗ ಅವರಿಗೆ ನಮ್ಮ ಸೀಮೆಯ ಹಳೆಯ ಕೆರೆಗಳ ತೂಬುಗಳು ನೆನಪಾದವು. ಗದ್ದೆಗೆ ನೀರು ಬಿಡಲು ಒಂದು ರಂಧ್ರ, ಒಂದು ಬಿರಡೆ ಸಾಕು. ಆದರೂ ಕಟ್ಟಿದವರು ಅದಕ್ಕೆ ಕಲ್ಲಿನ ಕಂಬ ನಿಲ್ಲಿಸಿದರು, ಮೇಲೊಂದು ತೊಲೆ ಕೂರಿಸಿದರು, ಅದರಲ್ಲಿ ಗಜಲಕ್ಷ್ಮಿಯನ್ನು ಕೆತ್ತಿದರು. ಆ ಲಕ್ಷ್ಮಿ ಒಂದು ತೊಟ್ಟು ನೀರನ್ನೂ ಹೆಚ್ಚಿಗೆ ಬಿಡುವುದಿಲ್ಲ. ಆದರೆ ಈ ನೀರು ಎಲ್ಲರದು, ಇದನ್ನು ಕಣ್ಣಿಟ್ಟು ಕಾಯಿರಿ ಎಂದು ನೂರಾರು ವರ್ಷ ಹೇಳುತ್ತ ನಿಂತಿದ್ದಾಳೆ. ಉಪಯೋಗದ ವಸ್ತುವನ್ನೇ ನೋಡುವಂತೆ ಮಾಡಿದವರು ಚಿತ್ರವನ್ನು ಗಣಿತದವರಿಗೆ ಬಿಟ್ಟುಕೊಟ್ಟಿರಲಿಲ್ಲ.

ಮನೆಗೆ ಬಂದವರೇ ಡ್ರಾಯಿಂಗ್ ಹಾಳೆ ಹರಡಿದರು. ವಿಯೆನ್ನಾದ ಮರವಲ್ಲ, ಸಿಂಗಪುರದ್ದೂ ಅಲ್ಲ. ತೂಬಿನಂತೆ ನಾಲ್ಕು ಕಲ್ಲು ಕಂಬ, ಮೇಲೆ ದಕ್ಷಿಣಕ್ಕೆ ವಾಲಿದ ಫಲಕಗಳ ಚಪ್ಪರ, ಕತ್ತಲಾದ ಮೇಲೆ ಏರಿಗೆ ಎರಡು ದೀಪ. ಕೆಳಗೆ ಸುತ್ತಲೂ ಅಗಲವಾದ ಕಟ್ಟೆ.

‘ಕಟ್ಟೆ ಯಾಕೆ ತಾತ ಇಷ್ಟು ಅಗಲ?’ ಎಂದಳು ಮೊಮ್ಮಗಳು.

‘ನಾಲ್ಕು ಹೆಂಗಸರು ಬುತ್ತಿ ಬಿಚ್ಚೋಕೆ ಆಗಬೇಕಲ್ಲಮ್ಮ’ ಎಂದರು ಮೇಷ್ಟ್ರು, ತಲೆಯೆತ್ತದೆ.

ಹಾಳೆ ಪಂಚಾಯಿತಿ ಕಚೇರಿ ತಲುಪಿದೆ. ಅಲ್ಲಿ ಅದು ಯಾವ ಕಡತದ ಕೆಳಗಿದೆಯೋ! ಮೇಷ್ಟ್ರು ಮಾತ್ರ ಅದರ ಪ್ರತಿಯೊಂದನ್ನು ಮಡಚಿ ತಂಗಿಗೂ ಅಂಚೆಗೆ ಹಾಕಿದ್ದಾರೆ.